ಲೀಟರ್ ಲೆಕ್ಕದ ಹಲಗೆ

ಈ ವಾರ ಸರ್ಫ್ ಹಲಗೆಯ ಅಡಿಗೆ ಫಿನ್ ಒಂದು ಸಾಕೋ ಮೂರು ಬೇಕೋ ಎಂಬುದನ್ನು ತೀರ್ಮಾನಿಸುವುದಾಗಿ ಅಂಕಣ ಮಾತು ಕೊಟ್ಟಿತ್ತು. ಆದರೆ ಮಳೆಗಾಲ ಮುಗಿಯುತ್ತಲೇ ಮೂಲ್ಕಿಗೆ ಬಸ್ಸು ಹತ್ತುವ ಬಯಲುಸೀಮೆಯ ಹುಡುಗರ ಕಣ್ಣು ಮತ್ತೆ ಅದೇ ಆರಡಿಯ ಶಾರ್ಟ್‌ಬೋರ್ಡಿನ ಮೇಲೆ ಬಿದ್ದಿದೆ. ಫಿನ್ ಕಾಯಲಿ.

ಶಾರ್ಟ್‌ಬೋರ್ಡ್ ಪಂಥದವರ ವಾದ ಹಳೆಯದು. ಉದ್ದ ಹಲಗೆ ಕಲಿಯುವವರಿಗೆ ಮತ್ತು ಮುದುಕರಿಗೆ. ಅಲೆಯ ಮೇಲೆ ಗಿರ್ರನೆ ತಿರುಗಲು ಆರಡಿಯದೇ ಬೇಕು. ತಿರುಗುವುದಿರಲಿ, ಮೊದಲು ಅಲೆ ಸಿಗಬೇಕಲ್ಲ! ತೆಳು ಹಲಗೆ ಆಳನ್ನು ಹೊತ್ತು ತೇಲುವುದೇ ಕಷ್ಟ. ಅಲೆ ಕಡಿದಾಗಿ ಎದ್ದು ಬಲವಾಗಿ ತಳ್ಳಿದರೆ ಮಾತ್ರ ಅದು ಓಡುತ್ತದೆ. 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೂಲ್ಕಿಯಲ್ಲಾಗಲಿ, ಶಾಂಭವಿ–ನಂದಿನಿ ನದಿಗಳು ಕಡಲು ಸೇರುವ ಪಕ್ಕದ ಸಸಿಹಿತ್ಲಿನಲ್ಲಾಗಲಿ, ಮಳೆಗಾಲದ ಅಬ್ಬರ ಇಳಿದ ಮೇಲೆ ಅಂಥ ಅಲೆ ಅಪರೂಪ. 2016ರ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲಿ ನಡೆದದ್ದು ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ ಕಡಲು ಉಬ್ಬುವ ಹೊತ್ತಿನಲ್ಲಿ. ಆ ಸ್ಪರ್ಧೆಯ ಫೋಟೊ ನೋಡಿ ಡಿಸೆಂಬರಿಗೆ ಹಲಗೆ ಆರಿಸುವವರು ಇನ್ನೂ ಇದ್ದಾರೆ.

ಅಂಗಡಿಯಲ್ಲಿ ಅಡಿ ಕೇಳಿದರೆ ಸಾಲದು, ಹಲಗೆಯ ಘನಗಾತ್ರ ಎಷ್ಟು ಲೀಟರ್ ಎಂದು ಕೇಳಬೇಕು. ಎಪ್ಪತ್ತು ಕಿಲೋ ತೂಕದ ಹೊಸಬನಿಗೆ ಎಪ್ಪತ್ತು ಲೀಟರಿಗೆ ಕಡಿಮೆಯದು ಬೇಡ. ಎಂಟೊಂಬತ್ತು ಅಡಿ, ಇಪ್ಪತ್ತೆರಡು ಇಂಚು ಅಗಲ, ಮೇಲೆ ಮೆತ್ತನೆಯ ಫೋಮ್: ವಾರಾಂತ್ಯದ ಸರ್ಫರ್‌ಗೆ ಇಷ್ಟೇ.

ಈ ಜಗಳಕ್ಕೆ ಅಂಕಣದ ಹಳೆಯ ಸಾಕ್ಷಿ ಅಮೆರಿಕದ ಲೇಖಕ ಜಾಕ್ ಲಂಡನ್. 1907ರಲ್ಲಿ ಹವಾಯಿಯ ವೈಕಿಕಿಯಲ್ಲಿ ಅವನು ಹಿಡಿದದ್ದು ಅಲ್ಲಿನ ಮಕ್ಕಳು ಆಡುವ ಪುಟ್ಟ ಹಲಗೆ. ಮಕ್ಕಳು ಮಾಡಿದಂತೆಯೇ ಮಾಡಿದ. ಮಕ್ಕಳು ದಡಕ್ಕೆ ಹಾರಿಹೋದರು, ಅಲೆ ಇವನನ್ನು ಅಲ್ಲೇ ಬಿಟ್ಟು ಹೋಯಿತು. ಅಲ್ಲಿ ಸರ್ಫ್ ಮಾಡುತ್ತಿದ್ದ ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್ ನೋಡಿ ಬೈದ: ಅದನ್ನು ಎಸೆ, ಮೂತಿ ತಳಕ್ಕೆ ತಾಗಿದರೆ ಹೊಟ್ಟೆ ಸೀಳೀತು. ತನ್ನ ದೊಡ್ಡ ಹಲಗೆ ಕೊಟ್ಟ. ಆಮೇಲೆ ಲಂಡನ್ನನಿಗೆ ಅಲೆ ಸಿಕ್ಕಿತು. ಬಿಸಿಲಿಗೆ ಮೈ ಸುಟ್ಟುಕೊಂಡು ಹಾಸಿಗೆಯಲ್ಲೇ ಅದನ್ನು ಬರೆದ. 'ದಿ ಕ್ರೂಸ್ ಆಫ್ ದಿ ಸ್ನಾರ್ಕ್' (1911) ಪುಸ್ತಕದಲ್ಲಿ ಆ ಅಧ್ಯಾಯವಿದೆ.

ಮಧುಗಿರಿ, ಪಾವಗಡದ ಕಡೆ ಬಾವಿಯಲ್ಲಿ ಈಜು ಕಲಿತವರಿಗೆ ಫೋರ್ಡನ ಬೈಗುಳ ಬೇಕಾಗಿಲ್ಲ. ತೇಲಲು ಬೆನ್ನಿಗೆ ಒಣ ಕತ್ತಾಳೆ ದಿಂಡು ಕಟ್ಟಿಕೊಳ್ಳುವಾಗ ಯಾರೂ ಸಣ್ಣದನ್ನು ಹುಡುಕುವುದಿಲ್ಲ.

ತಮಾಷೆಯೆಂದರೆ ಅದೇ ದಿಂಡಿನಿಂದ ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಹಲಗೆ ಮಾಡುತ್ತಾರೆ. ಗ್ಯಾರಿ ಲಿಂಡನ್ ಇದಕ್ಕೇ ಹೆಸರಾದವರು. ಕತ್ತಾಳೆ ಮೂಲತಃ ಮೆಕ್ಸಿಕೋ ಕಡೆಯದು; ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಸಲ ಆಳೆತ್ತರ ಮೀರಿ ದಿಂಡು ಬಿಟ್ಟು, ಹೂವಾಗಿ, ಸಾಯುತ್ತದೆ. ಒಣಗಿದ ದಿಂಡಿನ ಒಳಗು ಬಾಲ್ಸಾ ಮರದಷ್ಟೇ ಹಗುರ. ಉದ್ದುದ್ದಕ್ಕೆ ಸೀಳಿ, ಪಟ್ಟಿಗಳನ್ನು ಅಂಟಿಸಿ, ತೀಡಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ ರೆಸಿನ್ ಬಳಿಯುತ್ತಾರೆ. ಒಂದು ಹಲಗೆಗೆ ಹಲವು ದಿಂಡು ಬೇಕು, ಕೆಲಸವೂ ದಿನಗಟ್ಟಲೆ. ಫೋಮಿಗಿಂತ ತೂಕ, ಆದ್ದರಿಂದ ಅಲೆ ಹಿಡಿದ ಮೇಲೆ ಓಟ ನಿಲ್ಲುವುದಿಲ್ಲ.

ಕಲಿಯುವವರಿಗೆ ಅದು ಸಲ್ಲದು. ತಲೆಗೆ ಬಡಿದರೆ ಏಟು ಜೋರು. ಮೊದಲ ವರ್ಷಕ್ಕೆ ಬಾಡಿಗೆಯ ಫೋಮ್ ಹಲಗೆಯೇ ಸಾಕು. ಆದರೂ ಶಿರಾ, ಕೊರಟಗೆರೆಯ ಬದುಗಳಲ್ಲಿ ಕುಡುಗೋಲು ಹಿಡಿದು ಹೊರಡುವ ಉತ್ಸಾಹಿಗಳಿದ್ದರೆ ತಾನಾಗಿ ಒಣಗಿ ನಿಂತ ದಿಂಡನ್ನೇ ಕಡಿಯಲಿ. ಹಸಿ ಕತ್ತಾಳೆಯ ರಸ ತಾಗಿದರೆ ಮೈಯೆಲ್ಲ ನವೆ.