ಏಜಾಕ್ಸನ ಉನ್ಮಾದ

ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಓದಿಸುವ ಉಪಾಧ್ಯಾಯರಿಗೆ ಒಂದು ಉತ್ತರವು ಚಿರಪರಿಚಿತವಾದುದು: ಏಜಾಕ್ಸನ ನಾಶಕ್ಕೆ ಅವನ ಉನ್ಮಾದವೇ ಕಾರಣ, ಅರಿಸ್ಟಾಟಲನು ಹೇಳುವ ಪ್ರಮಾದವೂ ಅದೇ, ಎಂಬುದು. ಈ ಮಾತು ನಿಜವಾದರೆ ಏಜಾಕ್ಸನು ರುದ್ರನಾಯಕನೇ ಅಲ್ಲವೆಂದಾಗುವುದು. ಬುದ್ಧಿ ಕೆಟ್ಟವನ ಕೃತ್ಯಕ್ಕೆ ನಾವು ಮರುಗಬಹುದಲ್ಲದೆ ಅದರಲ್ಲಿ ಅವನ ಮಹತ್ತನ್ನು ಕಾಣಲಾರೆವು. ಆದುದರಿಂದ ಈ ಪ್ರಶ್ನೆಯನ್ನು ನಾಟಕದ ಒಳಗಿನಿಂದಲೇ ವಿಚಾರಿಸುವುದು ಅವಶ್ಯ.

ಅಕಿಲೀಸನ ಕವಚಾಯುಧಗಳು ತನಗೆ ಸಲ್ಲದೆ ಒಡಿಸ್ಯೂಸನ ಪಾಲಾದುವೆಂದು ಕೆರಳಿದ ಏಜಾಕ್ಸನು ಇರುಳಿನಲ್ಲಿ ಗ್ರೀಕ್ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಈ ಸಂಕಲ್ಪವನ್ನು ಮಾಡಿದಾಗ ಅವನಿಗೆ ಹುಚ್ಚಿರಲಿಲ್ಲ. ಅಥೀನಾದೇವಿಯು ಕವಿಸಿದ ಭ್ರಾಂತಿಯು ಕೈಯ ಗುರಿಯನ್ನು ಮಾತ್ರ ತಿರುಗಿಸಿತು. ನಾಯಕರೆಂದು ಬಗೆದು ಅವನು ದನಕುರಿಗಳನ್ನು ಕಡಿದನು. ಹುಚ್ಚಿನಲ್ಲಿಯೂ ಅವನ ಸ್ವಭಾವ ಕದಲಲಿಲ್ಲ. ಒಡಿಸ್ಯೂಸನೆಂದು ಕಟ್ಟಿಹಾಕಿದ ಪ್ರಾಣಿಯನ್ನು ಹಿಂಸಿಸಬೇಡವೆಂದು ದೇವಿಯೇ ಹೇಳಿದರೂ, ಮಿಕ್ಕುದೆಲ್ಲ ನಿನ್ನಿಷ್ಟ, ಇದೊಂದು ಮಾತ್ರ ಆಗದು, ಎಂಬರ್ಥದ ಉತ್ತರವನ್ನು ಕೊಡುತ್ತಾನೆ. ಹಿಂದೊಮ್ಮೆ ರಣರಂಗದಲ್ಲಿ ಇದೇ ದೇವಿಯ ನೆರವನ್ನು ಒಲ್ಲೆನೆಂದವನ ಮಾತಿದು.

ಸುಮಾರು 1,420 ಪಂಕ್ತಿಗಳ ಈ ನಾಟಕದಲ್ಲಿ ಹುಚ್ಚನಾದ ಏಜಾಕ್ಸನು ಮೊದಲ 120 ಪಂಕ್ತಿಗಳೊಳಗೇ ರಂಗದಿಂದ ಮರೆಯಾಗುತ್ತಾನೆ. ಮುಂದೆ ನಾವು ಕಾಣುವವನು ತಿಳಿವು ಮರಳಿದವನು. ಟೆಕ್ಮೆಸ್ಸೆಯ ಒಂದು ಮಾತಿನ ತಾತ್ಪರ್ಯವು ಇಲ್ಲಿ ಬಹು ಬೆಲೆಯುಳ್ಳುದು: ರೋಗವಿದ್ದಾಗ ಅವನು ಸುಖಿ, ನಾವು ದುಃಖಿಗಳು, ರೋಗ ಬಿಟ್ಟಮೇಲೆ ನಾವೂ ದುಃಖಿಗಳು, ಅವನೂ ದುಃಖಿ. ಶತ್ರುಗಳ ನಗೆಗೆ ಈಡಾಗಿ ಬದುಕಲಾರೆನೆಂದು, ಆಕೆಯ ಮೊರೆಯನ್ನು ಕೇಳಿ, ಎಳೆಯ ಮಗನನ್ನು ಎತ್ತಿಕೊಂಡ ಮೇಲೆಯೂ, ಹೆಕ್ಟರನಿತ್ತ ಕತ್ತಿಯ ಮೇಲೆ ಬೀಳುವ ಅವನ ನಿಶ್ಚಯವು ಪೂರ್ಣ ಎಚ್ಚರದ್ದು.

ಭರತನು ಉನ್ಮಾದವನ್ನು 33 ವ್ಯಭಿಚಾರಿಭಾವಗಳಲ್ಲಿ ಎಣಿಸಿದ್ದಾನೆ, ಸ್ಥಾಯಿಗಳಲ್ಲಲ್ಲ. ಗ್ರೀಕ್ ನಾಟಕಕ್ಕೆ ನಮ್ಮ ಲಕ್ಷಣವನ್ನು ಹೊಂದಿಸುವುದು ಯಾವಾಗಲೂ ಕ್ಷೇಮವಲ್ಲ. ಇಲ್ಲಿ ಮಾತ್ರ ಒಪ್ಪುತ್ತದೆ. ಊರ್ವಶಿಯನ್ನರಸುವ ಪುರೂರವನ ಉನ್ಮಾದಕ್ಕೆ ರತಿಯು ಆಧಾರವಾದಂತೆ, ದೇವಿಯಿಂದ ಬಂದ ಏಜಾಕ್ಸನ ಭ್ರಾಂತಿಗೂ ಅವನ ರೋಷವೇ ಆಧಾರ.

ಯೂರಿಪಿಡೀಸನ ಹೆರಾಕ್ಲೀಸನ ಸಂಗತಿ ಬೇರೆ. ನನ್ನ ವಾದಕ್ಕೆ ತೊಡಕಾದುದೂ ಅದೇ. ಹೀರಾದೇವಿಯ ಹಗೆಯಿಂದ ಹುಚ್ಚೇರಿ ಅವನು ಹೆಂಡತಿಮಕ್ಕಳನ್ನು ಕೊಲ್ಲುತ್ತಾನೆ. ಅಂತಹ ಸಂಕಲ್ಪವು ಮೊದಲು ಅವನಲ್ಲಿ ಲೇಶವೂ ಇರಲಿಲ್ಲ. ಥೀಸಿಯಸನ ಮಾತಿಗೆ ಒಪ್ಪಿ ಬದುಕಲು ನಿಶ್ಚಯಿಸುವುದರಲ್ಲಿ ಅವನ ಹಿರಿಮೆಯಿದೆ. ಆದರೆ ಹುಚ್ಚಿಲ್ಲದೆ ಆ ಹಿರಿಮೆಗೆ ಸಂದರ್ಭವೇ ಇಲ್ಲವೆಂಬುದನ್ನು ಒಪ್ಪಲೇಬೇಕು.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ರಚಿಸಿದರು. ಚಿರಂಜೀವಿಗೆ ಮರಣವೆ, ಎಂಬ ಆಕ್ಷೇಪ ಹಳೆಯದು. ನನಗೆ ಹೆಚ್ಚಾಗಿ ತೋರುವುದು ಇನ್ನೊಂದು. ವ್ಯಾಸರ ಸೌಪ್ತಿಕಪರ್ವದಲ್ಲಿ ಭ್ರಾಂತಿಯ ಮಾತೇ ಇಲ್ಲ. ಇರುಳಿನಲ್ಲಿ ಕಾಗೆಗಳನ್ನು ಕೊಲ್ಲುವ ಗೂಬೆಯನ್ನು ಕಂಡು ಅಶ್ವತ್ಥಾಮನು ಉಪಾಯವನ್ನು ಕಲಿಯುತ್ತಾನೆ. ಕೃಪನ ಹಿತವಚನವನ್ನು ತಳ್ಳುತ್ತಾನೆ. ಶಿವನು ಖಡ್ಗವನ್ನಿತ್ತು ಅವನ ದೇಹವನ್ನು ಹೊಕ್ಕರೂ ಬುದ್ಧಿಯನ್ನು ಕವಿಯುವುದಿಲ್ಲ. ಹಾಗಿದ್ದೂ ಶ್ರೀಯವರಿಗೆ ಇವನಲ್ಲಿ ಏಜಾಕ್ಸನು ಕಂಡನೆಂದರೆ, ಇಬ್ಬರನ್ನೂ ಕೂಡಿಸುವ ಸೂತ್ರವು ಹುಚ್ಚಲ್ಲ, ಮಾನಭಂಗ. ಒಬ್ಬನು ಅದನ್ನು ಹೊತ್ತು ಬದುಕಲಾರನು. ಇನ್ನೊಬ್ಬನು, ವ್ಯಾಸರಲ್ಲಿ, ಮೂರು ಸಾವಿರ ವರ್ಷ ಅದನ್ನು ಹೊತ್ತು ಅಲೆಯಬೇಕೆಂಬ ಶಾಪಕ್ಕೆ ಗುರಿಯಾದವನು.

ಏಜಾಕ್ಸನ ಶವಸಂಸ್ಕಾರಕ್ಕಾಗಿ ಅಗಮೆಮ್ನನನೊಡನೆ ವಾದಿಸಿ ಗೆಲ್ಲುವವನು ಒಡಿಸ್ಯೂಸನೇ. ಆದರೂ ಸಂಸ್ಕಾರದಲ್ಲಿ ಕೈಗೂಡಿಸಲು ಬಂದ ಅವನನ್ನು ತಮ್ಮನಾದ ಟ್ಯೂಸರನು ವಿನಯದಿಂದಲೇ ತಡೆಯುತ್ತಾನೆ: ಸತ್ತವನಿಗೆ ಅದು ಸೇರದು ಎಂದು.