ಕೆಮಿಸ್ಟ್ರಿಯ ಆಯ್ಕೆಗಳು: ಕೋಗಳಿ ಸೀಮೆಯಿಂದ ಒಂದು ತಕರಾರು

ಪದವಿ ಶಿಕ್ಷಣದ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಬರಹಗಳನ್ನು ಓದಿದವರಿಗೆ ‘ಆಯ್ಕೆ’ಗೆ ಎಷ್ಟು ದೊಡ್ಡ ಹೆಸರು ಬಂದಿದೆಯೆಂಬುದು ಗೊತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಬಿಎಸ್ಸಿಗೆ ಎರಡು ಮೇಜರ್, ಜೊತೆಗೆ ಓಪನ್ ಎಲೆಕ್ಟಿವ್, ಬೇಕಿದ್ದವರಿಗೆ ನಾಲ್ಕನೇ ವರ್ಷದ ಆನರ್ಸ್. 2024-25ರಲ್ಲಿ ಕರ್ನಾಟಕ ಅದನ್ನು ಬಿಟ್ಟು ಮೂರು ವರ್ಷ, ಮೂರು ವಿಷಯಗಳ ಪದವಿಗೆ ಮರಳಿತು. ಮೊದಲನೆಯದನ್ನು ಹೊಗಳಿದವರೂ ಎರಡನೆಯದನ್ನು ಸಮರ್ಥಿಸಿದವರೂ ಒಂದೇ ಲೆಕ್ಕ ಹಾಕಿದರು: ವಿದ್ಯಾರ್ಥಿಯ ಮುಂದೆ ಎಷ್ಟು ವಿಷಯ, ಎಷ್ಟು ವರ್ಷ. ಕೆಮಿಸ್ಟ್ರಿಯ ಮಟ್ಟಿಗೆ ಈ ಲೆಕ್ಕವೇ ತಪ್ಪು. ಆ ವಿಷಯದ ಜೀವ ಇರುವುದು ಪ್ರಾಕ್ಟಿಕಲ್‌ನಲ್ಲಿ. ಅದರ ಬಗ್ಗೆ ಎರಡೂ ಪಕ್ಷದವರು ಬರೆದದ್ದು ತೀರ ಕಡಿಮೆ.

ನಮ್ಮ ಸೀಮೆಯ ಸ್ಥಿತಿ ಓದುಗರಿಗೆ ತಿಳಿದದ್ದೇ. ಶಾಸನಗಳು ಕೋಗಳಿ ಐನೂರು ಎಂದು ಕರೆದ ನಾಡು ಇವತ್ತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಆಸುಪಾಸಿನದು. ಇಲ್ಲಿನ ಬಿಎಸ್ಸಿಗೆ ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯ, 2010ರ ನಂತರ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಹರಪನಹಳ್ಳಿ ಮಾತ್ರ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ವಿಶ್ವವಿದ್ಯಾಲಯ ಬದಲಾಯಿತು, ಜಿಲ್ಲೆ ಬದಲಾಯಿತು. ಮನೆಮನೆಯ ಮಾತಿನಲ್ಲಿ ಉಳಿದದ್ದು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಮತ್ತು ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಎರಡೇ. ಅದಕ್ಕೆ ಕಾರಣವೂ ಇದೆ. ಹೈಸ್ಕೂಲು ಮೇಷ್ಟ್ರ ಹುದ್ದೆಗೆ ಅರ್ಜಿ ಕರೆಯುವಾಗ ಸರ್ಕಾರ ಇವೇ ಎರಡು ಹೆಸರು ಬರೆಯುತ್ತದೆ. ಎರಡು ಮೇಜರ್ ಓದಿದ ಮಕ್ಕಳು ಬಿಎಡ್‌ಗೆ ಅರ್ಜಿ ಹಾಕುವಾಗ ಹೆದರಿದ್ದು ಸಹಜ. ಆಯ್ಕೆಯನ್ನು ಹೊಗಳಿದವರು ಈ ಹೆದರಿಕೆಯನ್ನು ಹಳ್ಳಿಯವರ ಹಿಂದುಳಿದ ಯೋಚನೆ ಎಂದು ಬಗೆದದ್ದು ಅನ್ಯಾಯ. ಮನೆಗೆ ಮೊದಲ ಪದವೀಧರೆಯಾಗುವ ಹುಡುಗಿಗೆ ನೌಕರಿಯ ದಾರಿ ಕಾಣದ ಆಯ್ಕೆ ಆಯ್ಕೆಯೇ ಆಗುವುದಿಲ್ಲ.

ಈಗ ನನ್ನ ಮುಖ್ಯ ತಕರಾರು. ಪದವಿಯ ಯಾವ ಚೌಕಟ್ಟು ಬಂದರೂ ಬದಲಾಗದೆ ಉಳಿದಿರುವ ಒಂದು ಪ್ರಾಕ್ಟಿಕಲ್ ಇದೆ: ಈಡಿಟಿಎ ಬಳಸಿ ನೀರಿನ ಗಡಸುತನ ಕಂಡುಹಿಡಿಯುವುದು. ಇಪ್ಪತ್ತೈದು ಎಂಎಲ್ ಮಾದರಿಯನ್ನು ಪಿಪೆಟ್‌ನಲ್ಲಿ ತೆಗೆದು ಕೋನಿಕಲ್ ಫ್ಲಾಸ್ಕಿಗೆ ಬಿಡು, ಪಿಎಚ್ 10ರ ಅಮೋನಿಯಾ ಬಫರ್ ಹಾಕು, ಎರಿಯೋಕ್ರೋಮ್ ಬ್ಲ್ಯಾಕ್-ಟಿ ಸೇರಿಸು, ಕೆಂಪು ಬಣ್ಣ ನೀಲಿಯಾಗುವವರೆಗೆ ಬ್ಯೂರೆಟ್ಟಿನಿಂದ ಈಡಿಟಿಎ ಇಳಿಸು. ಮೂರು ರೀಡಿಂಗ್, ಒಂದು ಲೆಕ್ಕ, ರೆಕಾರ್ಡಿಗೆ ಸಹಿ. ಮಾದರಿ ಸಾಮಾನ್ಯವಾಗಿ ಲ್ಯಾಬಿನಲ್ಲೇ ಮಾಡಿದ್ದು, ಡಿಸ್ಟಿಲ್ಡ್ ನೀರಿಗೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದ್ದು. ಉತ್ತರ ಮೇಷ್ಟ್ರಿಗೆ ಮೊದಲೇ ಗೊತ್ತು. ಮೆಗ್ನೀಸಿಯಂ ಇರುವುದರಿಂದ ಬಣ್ಣ ಪಟ್ಟನೆ ತಿರುಗುತ್ತದೆ. ಯಾರಿಗೂ ಸಂಶಯ ಹುಟ್ಟುವುದಿಲ್ಲ.

ಅದೇ ಫ್ಲಾಸ್ಕಿಗೆ ಕೂಡ್ಲಿಗಿ ಕಡೆಯ ಒಂದು ಬೋರ್‌ವೆಲ್ ನೀರು ಹಾಕಿದರೆ ಪಾಠವೇ ಬೇರೆಯಾಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಮೆಗ್ನೀಸಿಯಂ ಬಹಳ ಕಡಿಮೆ ಎಂದಾದರೆ ಬಣ್ಣ ಎಳೆದಾಡುತ್ತದೆ; ಕೆಂಪೂ ಅಲ್ಲದ ನೀಲಿಯೂ ಅಲ್ಲದ ನೇರಳೆಯಲ್ಲಿ ನಿಂತುಬಿಡುತ್ತದೆ. ಯಾಕೆ? ಈಡಿಟಿಎ ಕ್ಯಾಲ್ಸಿಯಂ ಜೊತೆ ಕಟ್ಟುವ ಸಂಕೀರ್ಣ ಮೆಗ್ನೀಸಿಯಂ ಜೊತೆ ಕಟ್ಟುವುದಕ್ಕಿಂತ ಸುಮಾರು ನೂರು ಪಟ್ಟು ಸ್ಥಿರ. ಇಂಡಿಕೇಟರ್ ಮಾತ್ರ ತಿರುಗಾಮುರುಗ: ಅದು ಮೆಗ್ನೀಸಿಯಂ ಅನ್ನೇ ಬಿಗಿಯಾಗಿ ಹಿಡಿಯುತ್ತದೆ. ಈಡಿಟಿಎ ಮೊದಲು ಕ್ಯಾಲ್ಸಿಯಂ ಅನ್ನು, ಆಮೇಲೆ ಬಿಡಿಯಾಗಿರುವ ಮೆಗ್ನೀಸಿಯಂ ಅನ್ನು, ಕಟ್ಟಕಡೆಗೆ ಇಂಡಿಕೇಟರ್ ಹಿಡಿದಿಟ್ಟ ಮೆಗ್ನೀಸಿಯಂ ಅನ್ನು ಎಳೆದುಕೊಳ್ಳುತ್ತದೆ. ಬಣ್ಣ ತಿರುಗುವುದು ಆಗ. ಚೂರಾದರೂ ಮೆಗ್ನೀಸಿಯಂ ಇರದಿದ್ದರೆ ಎಂಡ್ ಪಾಯಿಂಟ್ ಮಸುಕು. ಇನ್ನು ನೀರಿನಲ್ಲಿ ಕಬ್ಬಿಣವೋ ತಾಮ್ರವೋ ಇದ್ದರೆ ಅದು ಇಂಡಿಕೇಟರನ್ನು ಬಿಡದೆ ಹಿಡಿದುಕೊಂಡು ಬಣ್ಣವೇ ತಿರುಗದಂತೆ ಮಾಡುತ್ತದೆ. ಕಬ್ಬಿಣವನ್ನು ಮರೆಮಾಚಲು ಟ್ರೈಎಥನಾಲಮೀನ್ ಬೇಕು. ಕಾರ್ಬೊನೇಟ್ ಜಾಸ್ತಿಯಿದ್ದರೆ ಬಫರ್ ಹಾಕಿ ತಡಮಾಡಿದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕಿಳಿದು ರೀಡಿಂಗ್ ಕೆಡುತ್ತದೆ. ಥಿಯರಿ ಪೇಪರಿನಲ್ಲಿ ಬಾಯಿಪಾಠ ಮಾಡಿದ ಸ್ಥಿರಾಂಕಗಳಿಗೆ ಅರ್ಥ ಹುಟ್ಟುವುದು ಈ ತೊಡಕಿನಲ್ಲೇ. ತೊಡಕಿಲ್ಲದ ಮಾದರಿ ಕೊಟ್ಟು ಆ ಅರ್ಥವನ್ನು ನಾವೇ ಕಸಿದುಕೊಂಡಿದ್ದೇವೆ. ಬಂದ ಉತ್ತರಕ್ಕೂ ಊರಿನಲ್ಲಿ ಬೆಲೆಯಿದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಎನ್ನುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ನಮ್ಮ ಭಾಗವನ್ನು ಕಾಡಿದ ಫ್ಲೋರೈಡಿಗೆ ಮಿತಿ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅದನ್ನು ಅಳೆಯುವ ಬಣ್ಣದ ವಿಧಾನಕ್ಕೆ ಬೇಕಾದ ಕಲರಿಮೀಟರ್ ಡಿಗ್ರಿ ಲ್ಯಾಬುಗಳಿಗೆ ಹೊಸದೇನಲ್ಲ.

ಇದಕ್ಕೆ ಎದುರು ವಾದ ಹೂಡುವವರು ಎರಡು ಬಗೆ. ಹಳ್ಳಿ ಕಾಲೇಜಿನಲ್ಲಿ ಉಪಕರಣ ಎಲ್ಲಿದೆ ಎನ್ನುವವರು ಮೊದಲನೆಯವರು. ಮೇಲೆ ಹೇಳಿದ ಗಡಸುತನದ ಪ್ರಯೋಗಕ್ಕೆ ಬೇಕಾದದ್ದು ಬ್ಯೂರೆಟ್, ಪಿಪೆಟ್, ಫ್ಲಾಸ್ಕ್ ಮತ್ತು ನಾಲ್ಕಾರು ಬಾಟಲಿ ರಾಸಾಯನಿಕ. ನಿಜವಾಗಿ ಕೊರತೆಯಿರುವುದು ಪಕ್ಕದಲ್ಲಿ ನಿಂತು ಕಲಿಸುವ ಕಾಯಂ ಮೇಷ್ಟ್ರದು. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ಮುಷ್ಕರ ಹೂಡಿದಾಗ ಸರ್ಕಾರಿ ಕಾಲೇಜುಗಳ ಪಾಠವೇ ನಿಂತಿತು. ಆ ನೆನಪಿದ್ದವರು ಉಪಕರಣದ ನೆಪ ಹೇಳಲಾರರು.

ಎರಡನೆಯವರು ಉದ್ಯೋಗದ ಮಾತಾಡುವವರು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯನ್ನು ತೋರಿಸಿ, ಇಂಡಸ್ಟ್ರಿಯಲ್ ಕೆಮಿಸ್ಟ್ರಿಯ ಪೇಪರ್ ತನ್ನಿ, ಕೌಶಲದ ಪೇಪರ್ ತನ್ನಿ ಎನ್ನುತ್ತಾರೆ. ಇವರ ಉದ್ದೇಶ ಒಳ್ಳೆಯದು, ಓದು ಅವಸರದ್ದು. ಕಾರ್ಖಾನೆಯ ಲ್ಯಾಬಿನಲ್ಲಿ ಯಂತ್ರಗಳೇ ಎಷ್ಟಿದ್ದರೂ ಯಾವ ರೀಡಿಂಗ್ ನಂಬಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದ ಕೈ ಬೇಕು. ಹೆಮಟೈಟ್ ಅದಿರಿನ ಕಬ್ಬಿಣವನ್ನು ಡೈಕ್ರೋಮೇಟ್‌ನಿಂದ ಅಳೆಯುವ ಹಳೆಯ ಪ್ರಯೋಗ ಆ ಕೈಯನ್ನು ತಯಾರು ಮಾಡುತ್ತದೆ. ಅದಿರಿನ ಗುಡ್ಡಗಳು ಕೂಡ್ಲಿಗಿಯ ಪಕ್ಕದ ಸಂಡೂರಿನಲ್ಲೇ ಇವೆ. ಆದರೂ ಬಹಳ ಕಡೆ ನಮ್ಮ ಮಕ್ಕಳು ಅಳೆಯುವುದು ಬಾಟಲಿಯಿಂದ ತೂಗಿ ಕರಗಿಸಿದ ಫೆರಸ್ ಅಮೋನಿಯಂ ಸಲ್ಫೇಟನ್ನು. ಕಲ್ಲನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸಿ, ಸ್ಟ್ಯಾನಸ್ ಕ್ಲೋರೈಡಿನಿಂದ ಅಪಕರ್ಷಿಸಿ ಅಳೆದವನಿಗೆ ಹೊಸ ಹೆಸರಿನ ಪೇಪರ್ ಬೇಕಾಗುವುದಿಲ್ಲ.

ಎರಡು ಮೇಜರ್‌ಗಳ ಕಾಲದಲ್ಲಿ ಒಂದು ಒಳ್ಳೆಯದಿತ್ತು, ಒಪ್ಪುತ್ತೇನೆ: ಕೆಮಿಸ್ಟ್ರಿಗೆ ಸಿಗುವ ಪಾಲು ದೊಡ್ಡದಾಗಿತ್ತು. ಮೂರು ವಿಷಯಗಳ ಪದವಿಯಲ್ಲಿ ಆ ಪಾಲು ಮತ್ತೆ ಹಂಚಿಹೋಗಿದೆ. ಆದರೆ ಹೆಚ್ಚು ಸಿಕ್ಕ ಸಮಯವನ್ನು ಅದೇ ತಯಾರು ಮಾದರಿಗಳಿಗೆ ಕಳೆದ ಮೇಲೆ ಅದು ಹೋಯಿತೆಂದು ಅಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಅಧ್ಯಯನ ಮಂಡಳಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸಿಲಬಸ್ ತಿದ್ದುವಾಗ ಕಾಂಬಿನೇಷನ್‌ಗಳ ಚರ್ಚೆಗೆ ಮೊದಲು ಪ್ರಾಕ್ಟಿಕಲ್ ಪಟ್ಟಿ ತೆಗೆಯಿರಿ. ಪ್ರತಿ ವಿದ್ಯಾರ್ಥಿ ತನ್ನ ಊರಿನ ಬೋರ್‌ವೆಲ್ ನೀರನ್ನು ತಂದು ಗಡಸುತನ, ಫ್ಲೋರೈಡ್ ಎರಡನ್ನೂ ಅಳೆಯಬೇಕು, ಪರೀಕ್ಷೆಯ ಅಂಕ ಅದಕ್ಕೇ ಇರಬೇಕು ಎಂದು ಬರೆಯಿರಿ. ಅಳೆದ ಫಲಿತಾಂಶದ ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಗೆ ಹೋಗಲಿ.