ಹಾಡು ಯಾರ ಸ್ವತ್ತು?

ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನ ಹುಡುಗರು ಈಗ ಮನೆಯ ಕೋಣೆಯಲ್ಲೇ ಹಾಡು ರೆಕಾರ್ಡು ಮಾಡಿ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿಗಳ ಮೂಲಕ ಲೋಕಕ್ಕೆಲ್ಲ ಬಿಡುತ್ತಿದ್ದಾರೆ. ಕ್ಯಾಸೆಟ್ ಕಂಪೆನಿ ಸಾಹುಕಾರನ ಬಾಗಿಲು ಕಾಯಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಇವರನ್ನು 'ಸ್ವತಂತ್ರ ಸಂಗೀತಗಾರರು' ಅಂತ ಕರೆಯುವಾಗ ನಾವು ಕೇಳಲೇಬೇಕು: ಯಾರು ಸ್ವತಂತ್ರರು? ಯಾರಿಂದ ಸ್ವತಂತ್ರರು?

ಮೊದಲು ದುಡ್ಡಿನ ಮಾತು. ಡಿಸ್ಟ್ರೋಕಿಡ್‌ಗೆ ವರ್ಷ ವರ್ಷ ಚಂದಾ ಕಟ್ಟಬೇಕು. ಚಂದಾ ನಿಂತರೆ ಹಾಡು ಅಂಗಡಿಯಿಂದ ಇಳಿಯಬಹುದು. ಇಳಿಯಬಾರದು ಅಂದ್ರೆ ಬೇರೆ ದುಡ್ಡು. ಸಿಡಿ ಬೇಬಿ ಗಳಿಕೆಯಲ್ಲಿ ನೂರಕ್ಕೆ 9 ಮುರಿದುಕೊಳ್ಳುತ್ತದೆ. ಅದು ಹೋಗಲಿ. 2019ರಲ್ಲಿ ಇಂಡಿಯಾಕ್ಕೆ ಬಂದ ಸ್ಪಾಟಿಫೈ 2024ರಿಂದ ಹೊಸ ಕಟ್ಟಳೆ ತಂದಿದೆ: ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ರೆಕಾರ್ಡಿಗೆ ಬಿಡಿಗಾಸೂ ಇಲ್ಲ. ಕೇಳುವವರ ದುಡ್ಡೆಲ್ಲ ಒಂದೇ ಹುಂಡಿಗೆ ಬೀಳುತ್ತದೆ; ಒಟ್ಟು ಲೆಕ್ಕದಲ್ಲಿ ಹೆಚ್ಚು ಕೇಳಿಸಿಕೊಂಡವರಿಗೆ ಹೆಚ್ಚು ಪಾಲು. ಕೇರಿಯವನು ತನ್ನವನ ಹಾಡನ್ನೇ ಕೇಳುತ್ತಾ ಕೂತರೂ ಅವನ ಕಾಸಿನ ಬಹುಪಾಲು ದೊಡ್ಡವರ ಮನೆ ಸೇರುತ್ತದೆ. ಹುಂಡಿಗೆ ನಮ್ಮ ಕಾಸು ಬೇಕು, ಗುಡಿಯೊಳಕ್ಕೆ ನಾವು ಬೇಡ. ಇದು ನಮಗೇನು ಹೊಸ ಪಾಠವೆ?

ದುಡ್ಡಿಗಿಂತ ದೊಡ್ಡದು ಹೆಸರಿನ ಪ್ರಶ್ನೆ. ಹಾಡು ಏರಿಸುವ ಫಾರಮ್ಮಿನಲ್ಲಿ ಕಲಾವಿದನ ಹೆಸರಿಗೆ, ಬರೆದವನ ಹೆಸರಿಗೆ ಜಾಗವಿದೆ. ಸೋಬಾನೆ ಕಟ್ಟಿದ, ತಮಟೆಯ ಗತ್ತು ಕಟ್ಟಿದ ಕೇರಿಗೆ ಜಾಗವಿಲ್ಲ. ರಾಗಿಗುಡ್ಡದ ಕೊಳೆಗೇರಿಗೂ ಜಯನಗರಕ್ಕೂ ದೂರವೆಷ್ಟು? ತಮಟೆ ಬಡಿದವನಿಗೆ ಒಂದು ದಿನದ ಕೂಲಿ. ಆ ಬಡಿತವನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟವನಿಗೆ ಜೀವಮಾನದ ಒಡೆತನ. ಇದಕ್ಕೆ ಯಾರೂ ಕನ್ನ ಹಾಕಬೇಕಿಲ್ಲ, ಫಾರಮ್ಮು ತುಂಬಿದರೆ ಸಾಕು. 2022ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ವಾದ್ಯಕ್ಕೆ ಮಾನ ಬಂತು. ಬಾರಿಸುವವರಿಗೆ ಒಡೆತನ ಬರಬೇಕು.

ತಮಿಳಿನ 'ಎಂಜಾಯ್ ಎಂಜಾಮಿ' ನೋಡಿ. ದಲಿತ ಕವಿ ಅರಿವು ತಮ್ಮ ಅಜ್ಜಿಯ ಬದುಕಿನಿಂದ ಎತ್ತಿಕೊಂಡ ಹಾಡು. 2021ರಲ್ಲಿ ಕೋಟ್ಯಂತರ ಸಲ ಕೇಳಿಸಿಕೊಂಡಿತು. 2024ರಲ್ಲಿ ಅದರ ಸಂಗೀತಗಾರ ಸಂತೋಷ್ ನಾರಾಯಣನ್, ಇದುವರೆಗೆ ಒಂದು ಪೈಸೆಯೂ ಬಂದಿಲ್ಲ ಎಂದು ಬಹಿರಂಗವಾಗಿ ಹೇಳಿದರು.

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾಯಿತು. ಆ ಹಾಡುಗಳು ಮೆರವಣಿಗೆಗಳಲ್ಲಿ ಗಂಟಲಿನಿಂದ ಗಂಟಲಿಗೆ ಹೋದವು. ಹಾಗಂತ ನಮ್ಮ ಹಾಡು ವಾರಸುದಾರರಿಲ್ಲದ ಮಾಲಲ್ಲ. ಬಿಟ್ಟಿ ಹಾಡಿದ್ದು ಹೋರಾಟಕ್ಕೆ, ಅಂಗಡಿಗಲ್ಲ.

ಹಾಗಾದರೆ ಈ ಯಂತ್ರವನ್ನು ಬಿಟ್ಟು ಕೂರೋಣವೆ? ಬೇಡ. ಅದೇ ಡಿಸ್ಟ್ರೋಕಿಡ್‌ನಲ್ಲಿ ಗಳಿಕೆಯನ್ನು ಪಾಲು ಹಾಕುವ ಏರ್ಪಾಡಿದೆ. 2012ರ ಕಾಪಿರೈಟ್ ತಿದ್ದುಪಡಿ ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿ ಬಾರಿಸಿದವರಿಗೆ ರಾಯಧನದ ಹಕ್ಕು ಕೊಟ್ಟಿದೆ. ಹಳ್ಳಿಯ ಮೇಷ್ಟರುಗಳು ಹಾಡು ಹಿಡಿದಿಡುವಾಗ ಹಾಡಿದವರ ಹೆಸರು, ಊರು, ತಾರೀಖು ಬರೆದಿಡಲಿ. ನಗರದ ಗೆಳೆಯರು ಏರಿಸುವ ಮೊದಲೇ ಪಾಲಿನ ಮಾತಾಡಲಿ. ತಮಟೆಯವನ ಹೆಸರಿಲ್ಲದ ಹಾಡಿಗೆ ನಮ್ಮ ವೇದಿಕೆಯಲ್ಲಿ ಜಾಗ ಬೇಡ.